ಮೂರು ಸಲ ತೊಳೆದ ಪಂಪು

ನಮ್ಮ ಅಂಗಡಿಯಲ್ಲಿ ಒಂದು ಕಾಯಿದೆ ಇತ್ತು. ಬಾಡಿಗೆಗೆ ಒಯ್ದ, ಬೆಳೆಗೆ ಔಷಧ ಹೊಡೆಯುವ ಪಂಪನ್ನು ಮೂರು ಸಲ ತೊಳೆದು ತಂದು ಕೊಡಬೇಕು. ಅದೂ ನಮ್ಮ ಹಿತ್ತಲ ಬಾವಿಕಟ್ಟೆಯ ಮೇಲೆ ತೊಳೆಯುವಂತಿಲ್ಲ. ಸೇತುವೆಯ ಕೆಳಗಿಳಿದು, ಹರಿಯುವ ಹಳ್ಳದಲ್ಲೇ ತೊಳೆಯಬೇಕು. ತಂದವರ ಎದುರಿಗೇ ನಾನು ಮುಚ್ಚಳ ತಿರುಗಿಸಿ ಮೂಸಿ ನೋಡುತ್ತಿದ್ದೆ. ಒಂಚೂರು ವಾಸನೆ ಬಂದರೂ ಪಂಪು ವಾಪಸ್ ಹಳ್ಳಕ್ಕೆ. ಕಾಯಿದೆ ಮಾಡಿದವಳು ನಾನು. ಅದನ್ನು ಮುರಿದವರಿಗೆ ಬೈದವಳೂ ನಾನೇ. ಬೈಯುವುದರಲ್ಲಿ ನಾನು ಯಾವತ್ತೂ ಜಿಪುಣತನ ಮಾಡಿದವಳಲ್ಲ.

ನಾವು ಧಾರವಾಡದ ಕಡೆಯವರು. ನಮ್ಮ ಮಾವನವರು ಗೋವೆಯ ಕೆಪೆಗೆ ಬಂದು ಬೀಜ, ಗೊಬ್ಬರ, ಔಷಧದ ಅಂಗಡಿ ಹಾಕಿದರು. ಅವರು ತೀರಿಕೊಂಡ ಮೇಲೆ ಮಾಲು ತರಲು ಯಜಮಾನರು ಆಗಾಗ ಮಡಗಾವಿಗೆ ಹೋಗಬೇಕಾಗುತ್ತಿತ್ತು. ಆ ಹೊತ್ತಿಗೆ ಅಂತ ನಾನು ಅಂಗಡಿಯಲ್ಲಿ ಕೂತೆ. ಕೂತವಳು ಮತ್ತೆ ಏಳಲಿಲ್ಲ. ಎರಡು ವರ್ಷದಲ್ಲಿ ಯಾವ ಹುಳಕ್ಕೆ ಯಾವ ಔಷಧ, ಯಾವ ರೋಗಕ್ಕೆ ಯಾವ ಪುಡಿ ಎಂಬುದೆಲ್ಲ ಬಾಯಿಪಾಠವಾಯಿತು. ಬಾಡಿದ ಎಲೆ ತಂದು ಮುಂದಿಟ್ಟರೆ ಸಾಕು, ಹಿಂದಿನ ಕಪಾಟಿನತ್ತ ತಿರುಗಿಯೂ ನೋಡದೆ ಕೈ ಚಾಚಿ ಬಾಟ್ಲಿ ತೆಗೆಯುತ್ತಿದ್ದೆ. ಕೆಪೆಯ ತೋಟದವರು ನನ್ನನ್ನು ಡಾಕ್ಟರಬಾಯಿ ಅಂತ ಚೇಷ್ಟೆ ಮಾಡುತ್ತಿದ್ದರು. ಒಳಗೊಳಗೇ ಹಿಗ್ಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ಮೂರು ಸಲ ತೊಳೆಯುವ ಕಾಯಿದೆ ಸುಮ್ಮನೆ ಹುಟ್ಟಿದ್ದಲ್ಲ. ಒಮ್ಮೆ ಯಾರೋ ನಮ್ಮ ಪಂಪಿನಲ್ಲಿ ಕಸದ ಎಣ್ಣೆ ಹೊಡೆದು ಹಾಗೇ ತಂದಿಟ್ಟು ಹೋದರು. ಕಸದ ಎಣ್ಣೆ ಎಂದರೆ ಕಳೆನಾಶಕ. ನಮ್ಮ ಕಡೆ ಹೊಲಕ್ಕೆ ಹೊಡೆಯುವ ಔಷಧವನ್ನೆಲ್ಲ ಎಣ್ಣೆ ಅಂತಲೇ ಕರೆಯುವುದು. ಮರುದಿನ ಅದೇ ಪಂಪು ಒಯ್ದ ಇನ್ನೊಬ್ಬ ರೈತ ತನ್ನ ಮೆಣಸಿನ ಸಸಿಗಳಿಗೆ ಹುಳದ ಔಷಧ ಹೊಡೆದ. ವಾರದೊಳಗೆ ಇಡೀ ಮಡಿ ಹಳದಿಯಾಗಿ ಮಲಗಿತು. ಆತ ಬೈಯಲಿಲ್ಲ, ಕೂಗಾಡಲಿಲ್ಲ. ಒಣಗಿದ ಸಸಿಗಳನ್ನು ಬುಟ್ಟಿಯಲ್ಲಿ ತಂದು ನನ್ನ ಮುಂದಿಟ್ಟು ಹೋದ. ಅವತ್ತೇ ನಾನು ಕಾಯಿದೆ ಮಾಡಿದೆ.

ಹಳ್ಳದಲ್ಲೇ ಯಾಕೆ? ಅದೂ ನನ್ನ ತಲೆಯಿಂದ ಹುಟ್ಟಿದ ಜಾಣತನವೇ. ಬಾವಿಯ ನೀರು ನಿಂತ ನೀರು. ನಾವು ಕುಡಿಯುವುದು, ಪೂಜೆಗೆ ಒಯ್ಯುವುದು ಅದನ್ನೇ. ಅದರ ಹತ್ತಿರ ಆ ಪಂಪುಗಳು ಬರಕೂಡದು. ಹಳ್ಳ ಹಾಗಲ್ಲ, ಹರಿದು ಹೋಗುತ್ತದೆ. ಹರಿಯುವ ನೀರಿಗೆ ಮೈಲಿಗೆಯಿಲ್ಲ ಅಂತ ನಮ್ಮತ್ತೆ ದಿನಕ್ಕೆ ನಾಲ್ಕು ಸಲವಾದರೂ ಹೇಳುತ್ತಿದ್ದರು. ಹರಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಬುದ್ಧಿ ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ.

ದೂರವೇನೂ ಹೋಗುತ್ತಿರಲಿಲ್ಲ ಅದು. ಸೇತುವೆಯ ಕೆಳಗೆ ಪಂಪು ತೊಳೆಯುವ ಚಪ್ಪಡಿ ಕಲ್ಲು. ಅಲ್ಲಿಂದ ಇಪ್ಪತ್ತು ಮಾರು ಕೆಳಗೆ ಹಳ್ಳ ತಿರುವು ತೆಗೆದುಕೊಂಡು ಒಂದು ಮಡುವಾಗುತ್ತಿತ್ತು. ಆ ಮಡುವಿನ ದಂಡೆಯ ಮೇಲೆ ನಾಲ್ಕಾರು ತಗಡಿನ ಮನೆಗಳು. ಒಂದರಲ್ಲಿ ಬೂಬೂ ಇದ್ದಳು. ವಿಜಯಪುರದ ಕಡೆಯವಳು, ಕೃಷ್ಣಾ ದಂಡೆಯ ಊರು. ನಮ್ಮ ಸೀಮೆಯಲ್ಲಿ ಹಿರಿಯ ಮುಸ್ಲಿಂ ಹೆಣ್ಣುಮಕ್ಕಳನ್ನು ಕರೆಯುವಂತೆ ನಾನೂ ಬೂಬೂ ಅನ್ನುತ್ತಿದ್ದೆ. ನನಗಿಂತ ಹಿರಿಯಳಾದರೂ ಆಕೆ ನನಗೆ ಅಕ್ಕಾರ ಅನ್ನುತ್ತಿದ್ದಳು. ಆಕೆಯ ಗಂಡನೇ ನಮ್ಮ ಪಂಪುಗಳನ್ನು ಎಲ್ಲರಿಗಿಂತ ಹೆಚ್ಚು ಒಯ್ಯುತ್ತಿದ್ದವನು. ತೋಟದವರು ಕರೆದಲ್ಲಿಗೆ ಹೋಗಿ ಗೇರುಮರಗಳ ಬುಡದ ಹುಲ್ಲಿಗೆ ಎಣ್ಣೆ ಹೊಡೆಯುವುದು ಆತನ ಕೆಲಸ.

ಬೂಬೂಳ ಕೆಲಸ ಮೀನು. ತವರಿನಲ್ಲಿ ಹೊಳೆಯೊಳಗೇ ಬೆಳೆದವಳು. ಬಿದಿರಿನ ಕೂಳಿ, ಅಂದರೆ ಮೀನು ಒಳಹೊಕ್ಕರೆ ಹೊರಬರಲಾಗದ ಉದ್ದನೆಯ ಬುಟ್ಟಿಯನ್ನು ತಾನೇ ಹೆಣೆಯುತ್ತಿದ್ದಳು. ಸಂಜೆ ಮಡುವಿನ ಬಾಯಿಗೆ ಇಟ್ಟರೆ ಬೆಳಗ್ಗೆ ಸಣ್ಣ ಮೀನು, ಹಳ್ಳದ ಸಿಗಡಿ, ಏಡಿ. ಮನೆಯ ಸಾರಿಗೆ ತೆಗೆದಿಟ್ಟು ಉಳಿದದ್ದನ್ನು ತೇಗದ ಎಲೆಯ ಮೇಲೆ ಗುಡ್ಡೆ ಮಾಡಿ ಬಾಜಾರದ ಮೂಲೆಯಲ್ಲಿ ಮಾರುತ್ತಿದ್ದಳು. ಗೋವೆಯವರಿಗೆ ಸಮುದ್ರದ ಮೀನು ಎಷ್ಟಿದ್ದರೂ ಮಳೆಗಾಲದ ಹಳ್ಳದ ಮೀನೆಂದರೆ ಪ್ರಾಣ. ಹತ್ತು ಗಂಟೆಯೊಳಗೆ ಎಲೆ ಖಾಲಿ. ಊರವರು ಆಕೆಯನ್ನು ಹುಡುಕಿಕೊಂಡು ಬರುತ್ತಿದ್ದರು. ಬೇರೆ ಊರಿಂದ ದುಡಿಯಲು ಬಂದವರನ್ನು ಇಲ್ಲಿ ಯಾರು ಹುಡುಕುತ್ತಾರೆ ಹೇಳಿ? ಆಕೆಯನ್ನು ಹುಡುಕುತ್ತಿದ್ದರು. ಅದು ಆ ಮಡು ಆಕೆಗೆ ಕೊಟ್ಟ ಮರ್ಯಾದೆ.

ನಾವು ಶುದ್ಧ ಶಾಕಾಹಾರಿಗಳು. ಆಕೆ ಬುಟ್ಟಿ ಹೊತ್ತು ಬಂದರೆ ನಾನು ಸೆರಗು ಮೂಗಿಗೆ ಒತ್ತಿಕೊಳ್ಳುತ್ತಿದ್ದೆ. "ಬೂಬೂ, ಬುಟ್ಟಿ ಆ ಕಡೆ. ನಮ್ಮ ಮೆಟ್ಟಲಕ್ಕ ತರಬ್ಯಾಡ" ಅಂತ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದೆ. ಆಕೆ ನಕ್ಕು, ಬುಟ್ಟಿ ಸೇತುವೆಯ ಕಟ್ಟೆಯ ಮೇಲಿಟ್ಟು, ಕೈ ತೊಳೆದು, ನನ್ನ ಜೊತೆ ಹರಟೆಗೆ ಬರುತ್ತಿದ್ದಳು. ಕೆಪೆಯಲ್ಲಿ ನನ್ನ ಭಾಷೆಯಲ್ಲಿ ನನ್ನೊಂದಿಗೆ ಜಗಳವಾಡಬಲ್ಲವಳು ಆಕೆಯೊಬ್ಬಳೇ. ಮೀನಿನ ವಾಸನೆ ಹೊಡೆಯುತ್ತಿದ್ದರೂ ಆಕೆಯ ದಾರಿ ಕಾಯುತ್ತಿದ್ದೆ.

ಮೊದಲು ಬದಲಾದದ್ದು ನೀರಿನ ಬಣ್ಣ. ನಾನು ಬಂದ ಹೊಸತರಲ್ಲಿ ಹಳ್ಳದ ಕಲ್ಲುಗಳೆಲ್ಲ ಹಸಿರು ಪಾಚಿ ಹತ್ತಿ ಜಾರುತ್ತಿದ್ದವು. ಒಂದು ಮಳೆಗಾಲದ ಕೊನೆಗೆ ಅಂಗಡಿಯ ಹಿಂದಿನ ಕಿಟಕಿಯಿಂದ ನೋಡುತ್ತೇನೆ, ಪಾಚಿಯಿಲ್ಲ. ಮಡುವಿನಲ್ಲಿ ಓಲಾಡುತ್ತಿದ್ದ ಜೊಂಡಿಲ್ಲ, ನೀರೊಳಗಿನ ಎಳೆಎಳೆ ಹುಲ್ಲಿಲ್ಲ. ತಳದ ಬಿಳಿ ಕಲ್ಲು ಎಣಿಸಬಹುದು, ಅಷ್ಟು ತಿಳಿ. ನಾನು ಖುಷಿಪಟ್ಟೆ. "ನೋಡ್ರಿ, ಹಳ್ಳ ಎಷ್ಟು ಸ್ವಚ್ಛ ಆಗೇತಿ" ಅಂತ ಯಜಮಾನರನ್ನು ಕರೆದು ತೋರಿಸಿದೆ. ಅವರೂ ಹೌದೌದು ಅಂದರು. ಮುಂದಿನ ಮಳೆಗಾಲಕ್ಕೆ ಸಂಜೆಯ ಕಪ್ಪೆಗಳ ಗದ್ದಲ ಕಡಿಮೆಯಾಯಿತು. ಕಿವಿಗೆ ಪುಣ್ಯ ಬಂತು ಅಂದುಕೊಂಡೆವು. ಬೂಬೂ ಮಾತ್ರ, "ಏಡಿ ಬರವಲ್ವರಿ ಅಕ್ಕಾರ, ಕೂಳ್ಯಾಗ ಬರೇ ಎಲಿ" ಅನ್ನುತ್ತಿದ್ದಳು. ಏಡಿಯ ಸುದ್ದಿ ನನಗ್ಯಾಕೆ ಹೇಳತಿ ಅಂತ ನಾನು ಮಾತು ತಿರುಗಿಸುತ್ತಿದ್ದೆ.

ಆಮೇಲಿನ ವರ್ಷ, ಗಣೇಶ ಚವತಿ ಕಳೆದು ಮಳೆ ಬಿಡುವು ಕೊಟ್ಟಿತ್ತು. ಬಿಸಿಲು ಚುರ್ರೆನ್ನುತ್ತಿತ್ತು, ಹಳ್ಳ ಇಳಿದಿತ್ತು. ಇಂಥ ಬಿಸಿಲಿಗೇ ತೋಟದವರು ಕಾಯುವುದು. ಎಣ್ಣೆ ಹೊಡೆದ ಮೇಲೆ ಮಳೆ ಬಂದರೆ ತೊಳೆದು ಹೋಗುತ್ತದಲ್ಲ. ಆ ವಾರ ನಮ್ಮ ಎಲ್ಲ ಪಂಪುಗಳೂ ಹೊರಗಿದ್ದವು, ಎಲ್ಲವೂ ಮೂರು ಸಲ ತೊಳೆದೇ ವಾಪಸಾದವು. ಒಂದಕ್ಕೂ ವಾಸನೆಯಿರಲಿಲ್ಲ.

ಒಂದು ಬೆಳಗ್ಗೆ ಬೂಬೂ ಬುಟ್ಟಿ ಹೊತ್ತು ಸೀದಾ ಅಂಗಡಿಯ ಮೆಟ್ಟಿಲು ಹತ್ತಿದಳು.

"ಏ ಬೂಬೂ, ಮೆಟ್ಟಲಕ್ಕ ಬುಟ್ಟಿ ಬ್ಯಾಡ ಅಂದಿಲ್ಲೇನ?"

ಆಕೆ ಕೇಳಿಸಿಕೊಳ್ಳಲೇ ಇಲ್ಲ. ಬುಟ್ಟಿ ಇಳಿಸಿದಳು. "ನೋಡ್ರಿಲ್ಲಿ. ನಿನ್ನಿಂದ ಮ್ಯಾಲ ಬಂದು ಬಾಯಿ ಬಾಯಿ ಬಿಡಾಕತ್ತಿದ್ವು. ಇವತ್ತ ಎಲ್ಲಾ ಹೊಟ್ಟಿ ಮ್ಯಾಲ ಮಾಡ್ಯಾವು."

ಜೀವನದಲ್ಲಿ ಮೊದಲ ಸಲ ಮೀನಿನ ಬುಟ್ಟಿಯೊಳಗೆ ಇಣುಕಿ ನೋಡಿದೆ. ಬೆರಳುದ್ದದವು, ಉಗುರುದ್ದದವು. ಎಲ್ಲದರ ಬಾಯಿಯೂ ತೆರೆದಿತ್ತು. ಅವುಗಳಿಗೆ ಅಷ್ಟು ಸಣ್ಣ ಬಾಯಿರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ.

"ಗಿಡಕ್ಕೆಲ್ಲಾ ಔಷಧ ಕೊಡ್ತೀರಿ" ಅಂದಳು. "ಹಳ್ಳಕ್ಕ ಏನರ ಇದ್ರ ಕೊಡ್ರಿ ಅಕ್ಕಾರ."

ಅಂಥದ್ದು ನನ್ನಲ್ಲಿರಲಿಲ್ಲ. ಇಲ್ಲವೆನ್ನುವುದು ನನಗೆ ಅಭ್ಯಾಸವೂ ಇರಲಿಲ್ಲ, ಅದಕ್ಕೇ ಸಿಟ್ಟು ಬಂತು. ಏನು ಮಾಡಿದಿ, ನೀರಿಗೆ ಏನು ಬಿಟ್ಟಿ ಅಂತ ಆಕೆಯನ್ನೇ ವಿಚಾರಣೆಗೆ ನಿಲ್ಲಿಸಿದೆ. ಆಕೆ ನೆನಪು ಮಾಡಿಕೊಂಡು, ಸಣ್ಣ ದನಿಯಲ್ಲಿ ಹೇಳಿದಳು: ಹೋದ ವಾರ ಊರಿಂದ ಬೀಗರು ಬರುವವರಿದ್ದರು ಅಂತ ಮನೆಯ ಕೌದಿಗಳನ್ನೆಲ್ಲ ಮಡುವಿನಲ್ಲಿ ಒಗೆದಿದ್ದಳು. ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ದಪ್ಪ ಕೌದಿಗಳು. ಕೊಳೆ ಬಿಡಲಿ ಅಂತ ಒಂದು ಇಡೀ ಪಾಕೀಟು ಸಬಕಾರ ಪುಡಿ ಹಾಕಿದ್ದಳು.

"ಅಷ್ಟು ಪುಡಿ ಸುರುವಿದ್ರ ಮೀನ ಉಳೀತಾವೇನ? ತಿಳೀಬ್ಯಾಡೇನ ನಿನಗ?" ಅಂತ ಗದರಿದೆ. ನನ್ನ ಗಂಟಲು ದೊಡ್ಡದು. ಸೇತುವೆಯ ಮೇಲಿದ್ದವರಿಗೂ ಕೇಳಿಸಿತು. ಮಧ್ಯಾಹ್ನದೊಳಗೆ ದಂಡೆಯ ಹೆಂಗಸರೆಲ್ಲ ಅದನ್ನೇ ಹೇಳತೊಡಗಿದರು, ಆಕೆಯ ಸಬಕಾರದಿಂದ ಹಳ್ಳ ಸತ್ತಿತು ಅಂತ.

ಬೂಬೂ ಮೀನುಗಳನ್ನು ಒಯ್ದು ಹಳ್ಳದ ಮೇಲಿನ ಗುಡ್ಡೆಯಲ್ಲಿ ಹೂಳಿದಳು. ಅಂದಿನಿಂದ ಮಡುವಿನಲ್ಲಿ ಬಟ್ಟೆ ಒಗೆಯುವುದನ್ನೇ ಬಿಟ್ಟಳು. ಬಟ್ಟೆಯ ಗಂಟು ಹೊತ್ತು ನಮ್ಮ ಅಂಗಡಿಯ ಮುಂದಿನಿಂದ ಏರು ಹತ್ತಿ, ಮೇಲಿನ ಓಣಿಯ ಸಾರ್ವಜನಿಕ ನಲ್ಲಿಗೆ ಹೋಗುತ್ತಿದ್ದಳು. ಆಕೆಗೆ ಮೊಳಕಾಲು ನೋವು. ಹತ್ತು ಹೆಜ್ಜೆಗೊಮ್ಮೆ ಕೈ ಸೊಂಟಕ್ಕಿಟ್ಟು ನಿಲ್ಲುತ್ತಿದ್ದಳು. ತಾನು ಮಾಡಿದ ತಪ್ಪಿಗೆ ತಾನೇ ಹಾಕಿಕೊಂಡ ಶಿಕ್ಷೆ ಅದು. ಕೂಳಿಯನ್ನು ಮಾತ್ರ ದಿನಾ ಇಡುತ್ತಿದ್ದಳು, ದಿನಾ ಬರಿದೇ ಎತ್ತುತ್ತಿದ್ದಳು.

ನನಗೆ ನಿಜ ತಿಳಿದದ್ದು ಹರಿವೆ ಬೀಜದಿಂದ. ಔಷಧದ ಬಾಟ್ಲಿಗಳ ಜೊತೆ ಮಡಿಸಿಟ್ಟ ಒಂದು ದೊಡ್ಡ ಕಾಗದ ಬರುತ್ತದೆ, ಹತ್ತಾರು ಭಾಷೆಗಳಲ್ಲಿ ಇರುವೆ ಸಾಲಿನಂಥ ಅಕ್ಷರ. ಗಿರಾಕಿಗಳು ಅದನ್ನು ಅಲ್ಲೇ ಬಿಸಾಡಿ ಹೋಗುತ್ತಿದ್ದರು. ನಾನು ಆಯ್ದಿಟ್ಟು ಅದರಲ್ಲಿ ಬೀಜದ ಪೊಟ್ಟಣ ಕಟ್ಟುತ್ತಿದ್ದೆ. ಒಂದು ಮಧ್ಯಾಹ್ನ ಕಟ್ಟಿದ ಪೊಟ್ಟಣದ ಮೇಲೆ ಕನ್ನಡ ಕಾಣಿಸಿತು. ಕೆಪೆಯಲ್ಲಿ ಕನ್ನಡದ ಅಕ್ಷರ ಸಿಗುವುದೇ ದುರ್ಲಭ. ಊರಿಂದ ಚಟ್ನಿಪುಡಿ ಸುತ್ತಿ ತಂದ ಹಳೇ ಪೇಪರನ್ನೂ ಬಿಡದೆ ಓದುವವಳು ನಾನು. ಅಂಥವಳು ವರ್ಷಗಟ್ಟಲೆ ಈ ಕಾಗದವನ್ನು ಹರಿದು ಹರಿದು ಬೀಜ ಕಟ್ಟಿದ್ದೆ, ಒಂದು ದಿನ ಓದಿರಲಿಲ್ಲ. ಬೀಜ ಸುರುವಿ, ಕನ್ನಡಕ ಏರಿಸಿ ಓದಿದೆ. ಕಸದ ಎಣ್ಣೆಯ ಕಾಗದ ಅದು. ಮೀನಿಗೂ ನೀರಿನ ಇತರ ಜೀವಿಗಳಿಗೂ ಇದು ವಿಷ ಎಂದಿತ್ತು. ಕೆರೆ, ಹಳ್ಳಗಳ ಹತ್ತಿರ ಬಳಸಬೇಡಿ, ಪಂಪು ತೊಳೆದ ನೀರನ್ನು ಅವುಗಳಿಗೆ ಬಿಡಬೇಡಿ ಎಂದಿತ್ತು. ಸ್ವಚ್ಛ ಕನ್ನಡ, ಯಾರಿಗೂ ಅರ್ಥವಾಗುವಂಥದ್ದು.

ಎದ್ದು ಹಿಂದಿನ ಕಿಟಕಿಗೆ ಹೋದೆ. ಕೆಳಗೆ ಚಪ್ಪಡಿ ಕಲ್ಲಿನ ಮೇಲೆ ಒಬ್ಬ ಕೂಲಿಯವನು ಕೂತು ನಮ್ಮ ಪಂಪು ತೊಳೆಯುತ್ತಿದ್ದ. ನೀರು ತುಂಬಿಸಿ ಕುಲುಕಿದ, ಚೆಲ್ಲಿದ. ಮತ್ತೆ ತುಂಬಿಸಿದ, ಕುಲುಕಿದ, ಚೆಲ್ಲಿದ. ಮೂರನೆಯ ಸಲವೂ ಅಷ್ಟೇ ಶ್ರದ್ಧೆಯಿಂದ. ಬಿಳಿ ನೊರೆ ತಿರುಗುತ್ತ ತಿರುಗುತ್ತ ಮಡುವಿಗೆ ಹೋಯಿತು. ಸಬಕಾರದ ನೊರೆಯ ಹಾಗೇ ಇತ್ತು.

ಮಾಡಿದ್ದುಣ್ಣೋ ಮಾರಾಯ ಅನ್ನುತ್ತಾರಲ್ಲ, ಆ ಗಾದೆ ಸುಳ್ಳು. ಮಾಡಿದವಳು ನಾನು, ಉಣ್ಣುತ್ತಿದ್ದವಳು ಆಕೆ.

ಕೂಡಲೇ ಹೋಗಿ ಹೇಳಿದೆ ಅಂತ ಬರೆಯಬೇಕೆಂದು ಆಸೆ. ಹೇಳಲಿಲ್ಲ. ಮೊದಲು ಸರಿಮಾಡಿ ಆಮೇಲೆ ಹೇಳೋಣ ಅಂದುಕೊಂಡೆ. ನನ್ನಂಥವರ ಹೇಡಿತನಕ್ಕೆ ಯಾವಾಗಲೂ ಇಂಥದೊಂದು ಒಳ್ಳೆಯ ಕಾರಣ ಸಿಗುತ್ತದೆ.

ಹೊಸ ಕಾಯಿದೆ ಮಾಡಿದೆ. ಪಂಪನ್ನು ಹಳ್ಳಕ್ಕೆ ಒಯ್ಯಕೂಡದು, ತೋಟದಲ್ಲೇ ತೊಳೆದು ಆ ನೀರನ್ನು ಎಣ್ಣೆ ಹೊಡೆದ ಹುಲ್ಲಿಗೇ ಹಾಕಬೇಕು. ಕೂಲಿಯವರು ನಕ್ಕರು. ಗುಡ್ಡದ ಮೇಲಿನ ತೋಟದಲ್ಲಿ ತೊಳೆಯಲು ನೀರೆಲ್ಲಿದೆ, ಕೊಡ ಹೊತ್ತು ಏರುವವರು ಯಾರು? ಕೆಲವರು ನನ್ನ ಬಾಯಿಗೆ ಹೆದರಿ ಹೌದೆಂದರು. ಇನ್ನು ಕೆಲವರು ಸೇತುವೆ ಬಿಟ್ಟು, ನನ್ನ ಕಿಟಕಿಗೆ ಕಾಣದ ಮೇಲಿನ ತಿರುವಿನಲ್ಲಿ ತೊಳೆದು ತಂದರು. ಪಂಪಿನಲ್ಲಿ ವಾಸನೆಯಿಲ್ಲದಿದ್ದರೆ ಈಗ ನನಗೆ ಸಂಶಯ, ವಾಸನೆಯಿದ್ದರೆ ಮತ್ತೊಬ್ಬರ ಸಸಿಯ ಚಿಂತೆ.

ಕಸದ ಎಣ್ಣೆ ಮಾರುವುದನ್ನೇ ಬಿಡೋಣ ಅಂದೆ.

"ಮೀನ ತಿನ್ನದಾಕಿಗೆ ಮೀನಿನ ಚಿಂತಿ ಹತ್ತೇತಲ್ಲ" ಅಂತ ಯಜಮಾನರು ಮೊದಲು ತಮಾಷೆ ಮಾಡಿದರು. ನಾನು ನಗಲಿಲ್ಲ. ಆಮೇಲೆ ಮೆಲ್ಲಗೆ, "ನಾವ ಬಿಟ್ರ ಆಚಿ ಅಂಗಡಿಯವ ಮಾರತಾನ. ಹುಲ್ಲಂತೂ ಬೆಳಿಯೋದು ಬಿಡೂದಿಲ್ಲ" ಅಂದರು.

ಬಿಟ್ಟೆವು. ಮುಂದಿನ ಮಳೆಗಾಲಕ್ಕೆ ಆ ಬಾಟ್ಲಿಗಳನ್ನು ತರಿಸಲಿಲ್ಲ. ಗಿರಾಕಿಗಳು ರಸ್ತೆಯ ಆಚೆ ಹೋದರು, ಪಂಪನ್ನೂ ಅಲ್ಲೇ ತೆಗೆದುಕೊಂಡರು. ಹಳೆಯ ಗಿರಾಕಿ, ಗೇರು ತೋಟದ ಒಬ್ಬ ಮುದುಕರಿಗೆ ಆ ಕಾಗದದಲ್ಲಿದ್ದದ್ದನ್ನು ನನ್ನ ಹರಕುಮುರುಕು ಕೊಂಕಣಿಯಲ್ಲಿ ಬಿಡಿಸಿ ಹೇಳಿದೆ. ಅವರು ಪೂರ್ತಿ ಕೇಳಿದರು. ಹುಲ್ಲು ಕೊಯ್ಯಲು ಆಳು ಸಿಗುವುದಿಲ್ಲ, ಮಷೀನು ತಂದರೆ ಕಲ್ಲಿಗೆ ತಾಗಿ ಬ್ಲೇಡು ಮುರಿಯುತ್ತದೆ, ಹುಲ್ಲು ಬಿಟ್ಟರೆ ಬಿದ್ದ ಗೇರುಬೀಜ ಕಾಣುವುದಿಲ್ಲ ಅಂತ ತಮ್ಮ ಕಷ್ಟ ಹೇಳಿಕೊಂಡರು. "ಕಿತೆಂ ಕರ್ಚೆಂ, ಬಾಯ್?" ಅಂದರು. ಏನು ಮಾಡುವುದು ತಾಯಿ ಅಂತ. ನಾನೂ ಅದನ್ನೇ ಕೇಳುವವಳಿದ್ದೆ.

ಮತ್ತೆ ಮಳೆ ಬಂತು, ಹಳ್ಳ ತುಂಬಿ ಕೆಂಪಗೆ ಹರಿಯಿತು, ಇಳಿಯಿತು, ತಿಳಿಯಾಯಿತು. ಮೊದಲೆಲ್ಲ ಹೊಸ ನೀರಿಗೆ ಕೆಳಗಿನಿಂದ ಮೀನು ಏರಿ ಬರುತ್ತಿದ್ದವಂತೆ. ಆ ಸಲ ಬೂಬೂ ಕೂಳಿ ಇಟ್ಟದ್ದು ಎಂಟು ದಿನ. ಒಂಬತ್ತನೆಯ ದಿನ ಕೂಳಿಯನ್ನು ಮನೆಯ ತಗಡಿನ ಮೇಲೆ ಒಣಹಾಕಿದಳು. ಆಮೇಲೆ ಬೆಳಗಿನ ಬಸ್ಸಿಗೆ ಮಡಗಾವಿನ ಹತ್ತಿರದ ಫಾತೋರ್ಡಾಕ್ಕೆ, ಬಿಲ್ಡಿಂಗ್ ಕೆಲಸಕ್ಕೆ ಹೋಗತೊಡಗಿದಳು. ಆ ಮೊಳಕಾಲಿನಲ್ಲಿ ಉಸುಕಿನ ಬುಟ್ಟಿ ಹೊತ್ತು ಮಾಳಿಗೆ ಹತ್ತುವ ಕೆಲಸ. ಬಾಜಾರದ ಮೂಲೆಯಲ್ಲಿ ಆಕೆ ಕೂಡುತ್ತಿದ್ದ ಜಾಗದಲ್ಲಿ ಈಗ ಸ್ಕೂಟರು ನಿಲ್ಲುತ್ತವೆ.

ಒಂದು ಭಾನುವಾರ, ಆಕೆಗೆ ರಜೆ. ಒಗೆಯಬೇಕಾದ ಕೌದಿಗಳ ದೊಡ್ಡ ಗಂಟು ತಲೆಯ ಮೇಲೆ, ಕೈಯಲ್ಲಿ ಸಬಕಾರದ ಚೀಲ. ನಮ್ಮ ಅಂಗಡಿಯ ಮುಂದೆ ಏರಿನಲ್ಲಿ ನಿಂತಳು. ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ನಾನು ಹೊರಗೆ ಬಂದು ಗಂಟಿಗೆ ಕೈ ಹಚ್ಚಿ ಕಟ್ಟೆಯ ಮೇಲೆ ಇಳಿಸಿದೆ.

"ಹಳ್ಳ ಈಗರ ಸುಧಾರಿಸೀತೇನೋ ಅಂತ ನೋಡಾಕತ್ತೇನ್ರಿ" ಅಂದಳು. "ನಾ ಸಬಕಾರ ಹಾಕಲಾರದ ವರ್ಷ ಆತು."

ಇನ್ನು ತಡೆದುಕೊಳ್ಳಲಾಗಲಿಲ್ಲ. "ಬೂಬೂ, ಮೀನ ಸತ್ತದ್ದು ನಿನ್ನ ಸಬಕಾರದಿಂದಲ್ಲ" ಅಂದೆ. "ಪಂಪ ತೊಳದ ನೀರಿನಿಂದ. ಹಳ್ಳದಾಗ ತೊಳೀರಿ ಅಂದಾಕಿ ನಾನ. ತಿಳಿದ ಮ್ಯಾಲೂ ನಿನಗ ಹೇಳಲಿಲ್ಲ."

ಬೈಯುತ್ತಾಳೆ ಅಂದುಕೊಂಡೆ. ಬೈದರೆ ಬದುಕಿದೆ ಅಂತಲೂ ಅಂದುಕೊಂಡೆ. ಆಕೆ ಸೆರಗಿನಿಂದ ಬೆವರು ಒರೆಸಿಕೊಂಡು ಸೇತುವೆಯತ್ತ ನೋಡಿದಳು.

"ಮೂರ ಸಲ ತೊಳೀರಿ ಅಂದಿದ್ರಿ ನೀವು" ಅಂದಳು. "ನಮ್ಮವರು ಐದ ಸಲ ತೊಳೀತಿದ್ರು. ನಾನ ದಂಡಿ ಮ್ಯಾಲಿಂದ ಕೂಗಿ ಹೇಳತಿದ್ದೆ, ಇನ್ನೊಮ್ಮೆ ತೊಳೀರಿ, ಅಕ್ಕಾರು ಮೂಸಿ ನೋಡ್ತಾರ, ಬೈಸ್ಕೋಬ್ಯಾಡ್ರಿ ಅಂತ."



ಆಕೆ ಬಗ್ಗಿ ಗಂಟು ಎತ್ತಿಕೊಂಡಳು. ಏರಿನ ಕಡೆಗೆ ಹೋಗಲಿಲ್ಲ. ಸೇತುವೆಯ ಪಕ್ಕದ ಮೆಟ್ಟಿಲ ಕಡೆಗೆ ತಿರುಗಿದಳು.

"ಬೂಬೂ, ಎಲ್ಲಿ ಹೊಂಟಿ?"

"ಹಂಗಾರ ಇನ್ನ ಮ್ಯಾಲ ಹೊರೋದು ಯಾಕ್ರಿ ಅಕ್ಕಾರ" ಅಂದು, ಒಂದೊಂದೇ ಮೆಟ್ಟಿಲು ಹಿಡಿದುಕೊಂಡು ಕೆಳಗಿಳಿದಳು.

ನಾನು ಹಿಂದಿನ ಕಿಟಕಿಗೆ ಹೋಗಿ ನಿಂತೆ. ಆಕೆ ಮಡುವಿನ ದಂಡೆಯ ಹಳೆಯ ಕಲ್ಲಿನ ಮೇಲೆ ಕೂತು, ಕೌದಿಯನ್ನು ನೀರಿಗೆ ಅದ್ದಿ, ಪುಡಿಯ ಪಾಕೀಟನ್ನು ಹಲ್ಲಿನಿಂದ ಹರಿದು ಅಷ್ಟನ್ನೂ ಸುರುವಿದಳು. ಬಡಿಯತೊಡಗಿದಳು. ಸಪ್ಪಳ ಅಂಗಡಿಯೊಳಗೆಲ್ಲ ಕೇಳುತ್ತಿತ್ತು. ನೊರೆ ಮೆಲ್ಲಗೆ ಮಡುವಿನ ತುಂಬ ಹರಡಿತು, ಅದರ ಕೆಳಗೆ ಯಾವುದೂ ಅಲುಗಲಿಲ್ಲ.